ಅಕ್ಕೂರಿನಲ್ಲಿ ಲಂಗರು

ಮಂಗಳೂರಿನಿಂದ ಕಚ್ಛದ ಮಾಂಡವಿಗೆ ಹಂಚು ತುಂಬಿಕೊಂಡು ಹೋಗಿ, ಅಲ್ಲಿಂದ ಉಪ್ಪು ತುಂಬಿಕೊಂಡು ಮರಳಿದ ಹಾಯಿ ಹಡಗೊಂದರಲ್ಲಿ ನಾನು ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಇದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಆ ಪ್ರಯಾಣದ ಬಗ್ಗೆ ನಾನು ಬರೆದದ್ದು ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಐದು ಕಂತುಗಳಾಗಿ ಅಚ್ಚಾಯಿತು. ಅದರಲ್ಲಿ ಬಾರದ ಎರಡು ಸಂಗತಿಗಳಿವೆ. ಒಂದು, ಗಾಳಿಯಿಲ್ಲದೆ ಹಡಗು ನಿಂತ ಆರು ದಿನ. ಇನ್ನೊಂದು, ಆ ಕಂತುಗಳನ್ನು ಬರೆಯಲೆಂದು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿಗೆ ಹೋಗಿ, ಅಲ್ಲಿಂದ ಹೊರಡಲಾಗದೆ ಉಳಿದದ್ದು.

ಆಗ ನಾನು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕ. ರಾಮನಗರದಲ್ಲಿ ಬಾಡಿಗೆ ಕೋಣೆ, ದಿನವೂ ರೈಲಿನಲ್ಲಿ ಓಡಾಟ. ಕರಾವಳಿಯ ಸರಕು ಹಡಗುಗಳಿಗೆ ಒಂದೊಂದಾಗಿ ಎಂಜಿನ್ ಬರುತ್ತಿದ್ದ ಕಾಲ. ಅಲ್ಲಿ ಮಂಜಿ ಎನ್ನುವ ಈ ಹಾಯಿ ಹಡಗುಗಳು ಪೂರ್ತಿ ಇಲ್ಲವಾಗುವ ಮೊದಲು ಯಾರಾದರೂ ಒಮ್ಮೆ ಹೋಗಿ ಬರಲಿ ಎಂದು ಸಂಪಾದಕರಿಗೆ ಅನ್ನಿಸಿತು. ಮದುವೆಯಾಗಿರದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಕಳಿಸಿದರು. ಅದಕ್ಕೂ ಮೊದಲು ನಾನು ಕಂಡಿದ್ದ ಅತಿ ದೊಡ್ಡ ನೀರು ಕಣ್ವ ಜಲಾಶಯ.

ಹಡಗಿನಲ್ಲಿ ಹನ್ನೊಂದು ಜನ. ಅವರ ಮುಖ್ಯಸ್ಥನನ್ನು ತಾಂಡೇಲ ಎನ್ನುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಕಡಿಮೆ ಮಾತು, ಆಡಿದ ಮಾತಿನಲ್ಲಿ ಅರ್ಧ ತಮಾಷೆ. ಮಾಂಡವಿಯಿಂದ ತಿರುಗಿ ಬಂದು ಮಂಗಳೂರಿನ ಹಳೆ ಬಂದರಿನಲ್ಲಿ ಉಪ್ಪು ಇಳಿಸುವಾಗ ಆತ ಒಂದು ವಿಷಯ ಹೇಳಿದ. ಮುಂದಿನ ಪ್ರಯಾಣ ಲಕ್ಷದ್ವೀಪಕ್ಕೆ, ಅಕ್ಕಿ ತುಂಬಿಕೊಂಡು. ಅದು ಮುಗಿದ ಮೇಲೆ ಮಾಲೀಕರು ಹಡಗಿಗೆ ಎಂಜಿನ್ ಕೂರಿಸುತ್ತಾರೆ. ಹಾಗಾಗಿ ಬರೀ ಹಾಯಿಯ ಮೇಲೆ ಅದರ ಕೊನೆಯ ಪ್ರಯಾಣ ಅದೇ.

"ಬರ್ತೀರಾದ್ರೆ ಜಾಗ ಉಂಟು. ಹುಣ್ಣಿಮೆ ಕಳೆದು ಮೂರನೇ ದಿನ, ಬೆಳಗಿನ ನೀರಿಳಿತಕ್ಕೆ ಹೊರಡುದು. ಆದ್ರೆ ನಾನು ಯಾರಿಗೂ ಕಾಯುವ ಜನ ಅಲ್ಲ. ಅದು ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ನನಗೆ ಹೋಗಲೇಬೇಕಿತ್ತು. ಅದಕ್ಕೆ ನಾನು ಸಂಪಾದಕರಿಗೆ ಕೊಟ್ಟ ಕಾರಣ ಪತ್ರಿಕೆಗೆ ಸಂಬಂಧಿಸಿದ್ದು. ನಿಜವಾದ ಕಾರಣ, ನನಗೆ ಮತ್ತೆ ಮೇಜಿನ ಮುಂದೆ ಕೂರುವ ಮನಸ್ಸಿರಲಿಲ್ಲ. ಸಂಪಾದಕರು ಒಪ್ಪಿದರು. ಷರತ್ತು ಒಂದೇ: ಮೊದಲ ಪ್ರಯಾಣದ ಐದೂ ಕಂತುಗಳನ್ನು ಬರೆದುಕೊಟ್ಟು ಹೋಗಬೇಕು. ಕೈಯಲ್ಲಿ ಇದ್ದದ್ದು ಹನ್ನೆರಡು ದಿನ.

ರಾಮನಗರದ ಕೋಣೆಯಲ್ಲಿ ಬರೆಯುವಂತಿರಲಿಲ್ಲ. ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಮನೆ. ಬೆಳಗಿನಿಂದ ಸಂಜೆವರೆಗೆ ಗೂಡು ಬೇಯುವ ವಾಸನೆ, ರಾಟೆಯ ಸದ್ದು. ಎರಡು ತಿಂಗಳ ಹಿಂದೆ ನನ್ನ ಗಮನಕ್ಕೇ ಬಾರದಿದ್ದ ಸದ್ದು ಅದು. ಅಕ್ಕನನ್ನು ಕೊಟ್ಟಿದ್ದು ಅಕ್ಕೂರಿಗೆ. ಅಲ್ಲಿ ಶಾಂತವಾಗಿರುತ್ತದೆ ಎಂದು ಚೀಲ ಹೆಗಲಿಗೇರಿಸಿ ಅಂದೇ ಬಸ್ಸು ಹತ್ತಿದೆ.

ಮನೆ ಮುಂದೆ ನಿಂತಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಂದರೆ ಒಳಗೆ ಹುಳು ಮೇಯುತ್ತಿದೆ, ಹೊರಗಿನವರು ಬರಬೇಡಿ ಎಂದು. ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಕೂಗಿದೆ. ಅಕ್ಕನ ಅತ್ತೆ ಬಾಗಿಲಿಗೆ ಬಂದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಅವರು ನನ್ನ ಮುಖ ನೋಡುವ ಮೊದಲು ಚೀಲದ ವಾಸನೆ ಹಿಡಿದರು. ಹಡಗಿನ ಹಲಗೆಗಳಿಗೆ ಮೀನೆಣ್ಣೆ ಬಳಿಯುತ್ತಾರೆ. ಅದು ನನ್ನ ಬಟ್ಟೆ, ಚೀಲ, ಪುಸ್ತಕ ಎಲ್ಲಕ್ಕೂ ಹತ್ತಿತ್ತು.

"ಏನ್ಲಾ ಇದು ನಾತ? ಸಮುದ್ರನೇ ಒತ್ಕೊಂಡ್ ಬಂದ್ಬುಟ್ಟಿದ್ದೀಯಲ್ಲೋ! ಆ ಚೀಲ ಕೊಟ್ಟಿಗೆಗೆ ಬಿಸಾಕು ಮೊದ್ಲು."

ಹಾಳೆ, ಪೆನ್ನು ಮಾತ್ರ ಬಿಟ್ಟು ಚೀಲ ಕೊಟ್ಟಿಗೆಗೆ ಹೋಯಿತು. ನಾನು ಹಿತ್ತಿಲಲ್ಲಿ ಸೀಗೆಪುಡಿ ಹಾಕಿ ಎರಡು ಸಲ ಸ್ನಾನ ಮಾಡಿ, ಭಾವನ ಪಂಚೆ ಉಟ್ಟು ನಿಂತೆ. ಆಮೇಲೆ ಅವರು ಮನೆಯ ಕಟ್ಟಳೆ ಹೇಳಿದರು. ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರಕ್ಕೆ ಕೂತ ಮೇಲೆ ಮನೆಯೊಳಗಿದ್ದವರು ಒಳಗೇ ಇರಬೇಕು, ಹುಳು ಗೂಡು ಕಟ್ಟಲು ಏರುವ ತನಕ ಹೊರಗೆ ಹೋಗಿ ಬಂದು ಮಾಡುವಂತಿಲ್ಲ. ಬೇರೆ ಮನೆಗಳಲ್ಲಿ ಇಷ್ಟು ಬಿಗಿ ಇರಲಿಲ್ಲ. ಇದು ಅತ್ತೆಯದು. ಹಿಂದೊಮ್ಮೆ ಯಾರದೋ ಸಾವಿಗೆ ಹೋಗಿ ಬಂದವರ ಕಾಲಿನಿಂದ ಇಡೀ ಬೆಳೆ ಕೊಳೆತುಹೋಯಿತು ಎಂದು ಅವರು ನಂಬಿದ್ದರು. ಭಾವ ಮಾತ್ರ ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋಗಿ ಸೊಪ್ಪು ತರುತ್ತಿದ್ದ. ಬಂದಾಗೆಲ್ಲ ಕಾಲು ತೊಳೆದು ಒಳಗೆ.

"ಇವತ್ತು ಜ್ವರಕ್ಕೆ ಕೂತವೆ," ಅತ್ತೆ ಬೆರಳು ಮಡಿಸಿ ಎಣಿಸಿದರು. "ನಾಳಿದ್ದು ಏಳ್ತವೆ. ಅಲ್ಲಿಂದ ಏಳು ದಿನ ಮೇಯ್ತವೆ. ಒಂಬತ್ತನೇ ದಿನಕ್ಕೆ ಅಣ್ಣಾಗಿ ಗೂಡಿಗೆ ಏರ್ತವೆ. ಒಳೀಕ್ ಬಂದ್ರೆ ಅಲ್ಲೀಗಂಟ ಇರ್ಬೇಕು. ಇಲ್ದಿದ್ರೆ ಈಗ್ಲೇ ಓಗ್ಬುಡು."

ಹಡಗು ಹೊರಡುವ ದಿನವನ್ನು ಅವರಿಗೆ ಹೇಳಿ, ನಾನು ಲೆಕ್ಕ ಹಾಕಿದೆ. ಹತ್ತನೇ ದಿನ ಸಂಜೆ ಅಕ್ಕೂರು ಬಿಟ್ಟರೆ, ಕಂತುಗಳನ್ನು ದಾರಿಯಲ್ಲಿ ಅಂಚೆಗೆ ಹಾಕಿ, ಮೈಸೂರು, ಮಡಿಕೇರಿ ಹಾದು ಹನ್ನೊಂದನೇ ದಿನ ಮಂಗಳೂರು. ಹನ್ನೆರಡನೇ ದಿನ ಬೆಳಗಿನ ಇಳಿತ. ಸರಿಯಾಗಿ ಹೊಂದುತ್ತಿತ್ತು. ಬರೆಯಲು ಒಂಬತ್ತು ದಿನ, ಯಾರೂ ಬಂದು ಮಾತಾಡಿಸದ ಮನೆ. ಇದಕ್ಕಿಂತ ಅನುಕೂಲ ಬೇರೆ ಏನಿದೆ ಎಂದು ಒಳಗೆ ಹೋದೆ. ಹಿಂದೆಯೇ ಅಗಳಿ ಬಿತ್ತು.

ಪಡಸಾಲೆಯ ತುಂಬ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು, ಸೂರಿನವರೆಗೆ. ಇರುವೆ ಹತ್ತದಂತೆ ಕಂಬದ ಕಾಲುಗಳ ಕೆಳಗೆ ನೀರಿನ ಬಟ್ಟಲು. ಮೂಲೆಯಲ್ಲಿ ಇದ್ದಿಲ ಒಲೆ, ಕಿಟಕಿಗೆ ಗೋಣಿ. ಬೆಳಕು ಬರುತ್ತಿದ್ದುದು ಸೂರಿನಲ್ಲಿದ್ದ ಒಂದು ಗಾಜಿನ ಹಂಚಿನಿಂದ. ಅದರ ಕೆಳಗೆ ನನಗೊಂದು ಮಣೆ ಕೊಟ್ಟರು. ಬೆಳಕು ಸರಿದಂತೆ ನಾನೂ ಮಣೆಯನ್ನು ಸರಿಸುತ್ತಿದ್ದೆ. ಹಡಗಿನಲ್ಲಿಯೂ ಹಾಗೇ, ಹಾಯಿಯ ನೆರಳು ಸರಿದಂತೆ ಸರಿಯುತ್ತಿದ್ದೆವು.

ಮೊದಲ ಎರಡು ದಿನ ಹುಳು ಮೇಯಲಿಲ್ಲ, ಮನೆಯಲ್ಲಿ ಸದ್ದೇ ಇರಲಿಲ್ಲ. ನಾನು ಬರೆಯಲು ತೆಗೆದುಕೊಂಡದ್ದು ಗಾಳಿಯಿಲ್ಲದ ಆ ಆರು ದಿನಗಳನ್ನು.

ರತ್ನಗಿರಿ ದಾಟಿದ ಮೇಲೆ ಒಂದು ಮಧ್ಯಾಹ್ನ ಗಾಳಿ ನಿಂತಿತು. ಸಂಜೆ ಬರಬೇಕಾದ ಗಾಳಿ ಬರಲಿಲ್ಲ, ಬೆಳಿಗ್ಗೆ ದಡದಿಂದ ಬೀಸಬೇಕಾದದ್ದೂ ಬೀಸಲಿಲ್ಲ. ತಾಂಡೇಲ ಲಂಗರು ಹಾಕಿಸಿದ. ದಡ ಅಲ್ಲೇ ಕಾಣುತ್ತಿತ್ತು. ಎರಡು ತಾಳೆಮರ, ಸುಣ್ಣ ಬಳಿದ ಒಂದು ಗೋಡೆ, ಆ ಗೋಡೆಯ ಮೇಲೆ ದಿನವೂ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಮೂರನೇ ದಿನದ ಹೊತ್ತಿಗೆ ಆಕೆಯ ಮನೆಯಲ್ಲಿ ಎಷ್ಟು ಸೀರೆಗಳಿವೆ ಎಂದು ಹಡಗಿನವರೆಲ್ಲರಿಗೂ ಗೊತ್ತಿತ್ತು. ಕುಡಿಯುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಅಳೆದು ಕೊಡಲು ಶುರುಮಾಡಿದರು. ಹಂಚಿನ ಬಿಸಿ ಕಾಲಿಗೆ ಹತ್ತುತ್ತಿತ್ತು. ಇಸ್ಪೀಟು ಆಡುತ್ತಿದ್ದವರು ಜಗಳವಾಡಿ ನಿಲ್ಲಿಸಿದರು, ಮಾತು ಬಿಟ್ಟರು, ಮತ್ತೆ ಆಡಲು ಕೂತರು.

ಕಚೇರಿಗೆ ಒಂದು ಪತ್ರ ಹಾಕಬೇಕು, ಸಣ್ಣ ದೋಣಿ ಕೊಡಿ, ದಡಕ್ಕೆ ಹೋಗಿ ಬರುತ್ತೇನೆ ಎಂದು ನಾನು ತಾಂಡೇಲನನ್ನು ಕೇಳಿದೆ.

"ದೋಣಿ ಕೊಡ್ತೇನೆ, ಅದಕ್ಕೆಂತ? ಆದ್ರೆ ಗಾಳಿ ಬಂದ್ರೆ ನಾನು ನಿಲ್ಲುವುದಿಲ್ಲ ಮಾರಾಯ್ರೆ. ಮತ್ತೆ ನೀವು ಆ ಸೀರೆಯವಳ ಊರಲ್ಲೇ ಮನೆ ಮಾಡ್ಬೇಕು ಅಷ್ಟೆ."

ಎಲ್ಲರೂ ನಕ್ಕರು. ನಾನು ಹೋಗಲಿಲ್ಲ. ಗಾಳಿ ಬಂದದ್ದು ಆಮೇಲೆ ಮೂರು ದಿನಕ್ಕೆ. ಅಷ್ಟರಲ್ಲಿ ಹತ್ತು ಸಲ ದಡಕ್ಕೆ ಹೋಗಿ ಬರಬಹುದಿತ್ತು. ಇದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ನನ್ನ ಅಕ್ಷರ ಸ್ಪಷ್ಟವಾಗಿದೆ.

ಹಡಗು ನಿಂತ ಐದನೇ ದಿನ ನೀರಿನ ಮೇಲೆ ಒಂದು ಸುಕ್ಕು ಕಂಡಿತು. ಅಡುಗೆಯವನು ಸೌಟು ಬಿಸಾಡಿ ಹಾಯಿಯ ಹಗ್ಗಕ್ಕೆ ಕೈ ಹಾಕಿದ. ಇನ್ನಿಬ್ಬರು ಲಂಗರಿನ ಕಡೆ ಓಡಿದರು. ತಾಂಡೇಲ ಎದ್ದು ನಿಲ್ಲಲೂ ಇಲ್ಲ. "ಅದು ಗಾಳಿಯಲ್ಲ. ಅನ್ನ ನೋಡು, ಸೀಯ್ತದೆ," ಎಂದ. ಸುಕ್ಕು ಹಡಗಿನ ಹತ್ತಿರ ಬರುವ ಮೊದಲೇ ಅಳಿಸಿಹೋಯಿತು. ಅನ್ನ ಸೀದಿತ್ತು.

ಅಕ್ಕೂರಿನಲ್ಲಿ ಮೂರನೇ ದಿನ ಹುಳುಗಳು ಎದ್ದವು. ಸೊಪ್ಪು ಹಾಕಿದ ಕೂಡಲೇ ಮನೆಯ ತುಂಬ ಮೇಯುವ ಸದ್ದು. ಅದನ್ನು ಮಳೆಯ ಸದ್ದು ಎನ್ನುವವರಿದ್ದಾರೆ. ನನಗೆ ಅದು ಸುದ್ದಿಮನೆಯಲ್ಲಿ ಟೆಲಿಪ್ರಿಂಟರ್ ನಿಂತ ಮೇಲೆ ಕಿವಿಯಲ್ಲಿ ಉಳಿಯುವ ಸದ್ದಿನಂತೆ ಕೇಳಿತು. ದಿನಕ್ಕೆ ನಾಲ್ಕೈದು ಸಲ ಸೊಪ್ಪು, ನಡುವೆ ಹಿಕ್ಕೆ ತೆಗೆಯುವ ಕೆಲಸ. ನಾನು ಸುಮ್ಮನೆ ಬರೆಯುತ್ತ ಕೂರುವುದು ಎರಡು ದಿನ ನಡೆಯಿತು. ಆಮೇಲೆ ಅತ್ತೆ ಕೈಗೆ ಸೊಪ್ಪಿನ ಮಂಕರಿ ಕೊಟ್ಟರು.

"ಬರಿಯಾಕೇನೈತೆ ಅಷ್ಟೊಂದು? ಓದೆ, ನೀರಿತ್ತು, ಬಂದೆ. ಮುಗೀತಲ್ಲ?"

"ಐದು ಕಂತು ಬರೀಬೇಕತ್ತೆ."

"ನೀರಿನ್ ಮ್ಯಾಲೆ ಐದು ಕಂತಾ!" ಅಕ್ಕನ ಕಡೆ ತಿರುಗಿ, "ನಿನ್ನ ತಮ್ಮಂಗೆ ಸಂಬ್ಳ ಯಾರೇ ಕೊಡೋದು?"

ಅಕ್ಕ ನಗುತ್ತಿದ್ದಳು. ಅವಳು ಆ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ವರ್ಷಕ್ಕೆ ಐದು ಬೆಳೆ, ಪ್ರತಿ ಬೆಳೆಗೂ ಈ ಅಗಳಿ. ಒಂದು ಸಲ ಕೇಳಿದೆ, ನಿನಗೆ ಉಸಿರು ಕಟ್ಟುವುದಿಲ್ಲವೇ ಎಂದು. ಅವಳು ತಟ್ಟೆ ಸರಿಸುತ್ತಲೇ, "ನೀನಂತೂ ಓಗೋನು. ಸುಮ್ನೆ ಯಾಕ್ ಕೇಳ್ತೀಯ?" ಎಂದಳು. ನಾನು ಮಂಕರಿ ಎತ್ತಿಕೊಂಡೆ.

ಆರನೇ ದಿನದಿಂದ ಚಳಿ ಹೆಚ್ಚಾಯಿತು. ಮಾಗಿ ಮುಗಿಯಿತೆಂದುಕೊಂಡ ಮೇಲೆ ತಿರುಗಿ ಬರುವ ಚಳಿ. ಹುಳುಗಳ ಮೇವು ನಿಧಾನವಾಯಿತು. ಅತ್ತೆ ಒಲೆಗೆ ಇನ್ನಷ್ಟು ಇದ್ದಿಲು ಹಾಕಿಸಿದರು. ನಾನು ದಿನವೂ ಕೇಳುತ್ತಿದ್ದೆ, ಒಂಬತ್ತಕ್ಕೆ ಆಗುತ್ತದಾ ಎಂದು.

"ಉಳಕ್ಕೆ ನಿನ್ನ ಅಡಗು ಗೊತ್ತೇನ್ಲಾ?" ಭಾವ ಸೊಪ್ಪಿನ ಹೊರೆ ಇಳಿಸುತ್ತ ಹೇಳಿದ. "ಒಂದು ಚೀಟಿ ಬರ್ದು ತಟ್ಟೆ ಮ್ಯಾಲೆ ಆಕು. ಪೇಪರ್‌ನೋನಲ್ವಾ, ಓದ್ಕೊತವೆ."

ಏಳನೇ ದಿನಕ್ಕೆ ನನ್ನ ಬರವಣಿಗೆ ಮುಗಿದಿತ್ತು. ಅಲ್ಲಿಂದ ಮುಂದೆ ಮಾಡಲು ಬೇರೇನೂ ಇರಲಿಲ್ಲ. ಹನ್ನೆರಡಡಿ ಅಗಲದ ಪಡಸಾಲೆಯಲ್ಲಿ ತಟ್ಟೆಗಳ ನಡುವೆ ಅಡ್ಡವಾಗಿ ನಡೆಯಬೇಕು. ಇದ್ದಿಲ ಹೊಗೆ, ಸೊಪ್ಪಿನ ವಾಸನೆ. ಹಡಗಿನಲ್ಲಿ ಕಣ್ಣು ಹಾಯಿಸಲು ದೂರವಾದರೂ ಇತ್ತು. ಇಲ್ಲಿ ಎಲ್ಲಿ ನೋಡಿದರೂ ಎರಡಡಿಯ ಒಳಗೆ ಹುಳು. ಹಿತ್ತಿಲಲ್ಲಿ ನಿಂತರೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು.

ಒಂಬತ್ತನೇ ದಿನ ಬೆಳಿಗ್ಗೆ ಅತ್ತೆ ಒಂದು ಹುಳುವನ್ನು ಗಾಜಿನ ಹಂಚಿನ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಅದರ ಕತ್ತಿನ ಭಾಗ ಬೆಲ್ಲದ ಪಾಕದಂತೆ ಕಾಣುತ್ತಿತ್ತು, ಬೆಳಕು ಒಳಗಿಂದ ಹಾಯುತ್ತಿತ್ತು. "ಇದು ಅಣ್ಣು." ಇನ್ನೊಂದನ್ನು ಹಿಡಿದರು. ಬೆಳ್ಳಗೆ, ಒಳಗೆ ಸೊಪ್ಪಿನ ಹಸಿರು ಗೆರೆ. "ಇದು ಅಸಿ. ಇದ್ನ ಮುಟ್ಬ್ಯಾಡ." ಹಣ್ಣಾದದ್ದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಚಾಪೆಯ ಮೇಲೆ ಬಿದಿರ ದಬ್ಬೆಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಹೆಣೆದದ್ದು, ಆ ಸುತ್ತುಗಳ ನಡುವೆ ಹುಳು ಗೂಡು ಕಟ್ಟುತ್ತದೆ. ಕೆಳಗಿನ ಮೂರು ತಟ್ಟೆ ನನಗೆ ಕೊಟ್ಟರು. ಮೇಲಿನವು ಅವರಿಗೂ ಅಕ್ಕನಿಗೂ.

ಚಳಿಯಿಂದಾಗಿ ಹತ್ತರಲ್ಲಿ ಎರಡು ಮಾತ್ರ ಹಣ್ಣಾಗಿದ್ದವು. ನನಗೆ ಮಾರನೇ ಸಂಜೆಯ ಬಸ್ಸು ಬೇಕಿತ್ತು. ಮೊದಲ ಒಂದು ಗಂಟೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಬೆಳಕಿಗೆ ಹಿಡಿಯುವುದನ್ನು ಬಿಟ್ಟೆ. ಸ್ವಲ್ಪ ಹಳದಿ ಕಂಡರೆ ಸಾಕು ಎಂದುಕೊಂಡೆ. ಮಧ್ಯಾಹ್ನದ ನಂತರ, ತಲೆ ಎತ್ತಿದ್ದರೆ ಸಾಕು ಎಂದಾಯಿತು. ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಕಣ್ಣಿಗೆ ತಪ್ಪುಗಳು ಕಾಣುವುದು ನಿಲ್ಲುತ್ತದೆ. ಅದನ್ನು ನಾನು ಬೇರೆಯವರಲ್ಲಿ ಎಷ್ಟೋ ಸಲ ಕಂಡು ಗದರಿದ್ದೆ. ಸಂಜೆಯ ಹೊತ್ತಿಗೆ ಮೂರೂ ತಟ್ಟೆ ಖಾಲಿ ಮಾಡಿದ್ದೆ. ಅತ್ತೆಯ ತಟ್ಟೆಗಳಲ್ಲಿ ಮುಕ್ಕಾಲು ಭಾಗ ಹಾಗೇ ಇತ್ತು. ನನ್ನ ಕೈ ಚುರುಕು ಎಂದು ಅಕ್ಕ ಹೊಗಳಿದಳು.

ಹತ್ತನೇ ದಿನ ಬೆಳಿಗ್ಗೆ ಹಿತ್ತಿಲ ಚಪ್ಪರದ ಕೆಳಗೆ ನಿಲ್ಲಿಸಿದ್ದ ಚಂದ್ರಿಕೆಗಳನ್ನು ನೋಡಲು ಹೋದ ಅತ್ತೆ ಅಲ್ಲಿಂದಲೇ ಕೂಗಿದರು.

"ಯಾವನ್ಲಾ ಇವನ್ನ ಆಯ್ದೋನು?"

ಕೇಳಬೇಕಾದ ಅಗತ್ಯ ಇರಲಿಲ್ಲ. ಹಸಿ ಹುಳುಗಳು ಗೂಡು ಕಟ್ಟದೆ ದಬ್ಬೆಯ ಅಂಚಿನುದ್ದಕ್ಕೂ ಮೇವು ಹುಡುಕುತ್ತ ಅಲೆಯುತ್ತಿದ್ದವು. ಕೆಲವು ನೆಲಕ್ಕೆ ಬಿದ್ದಿದ್ದವು. ಅವುಗಳ ಹಿಕ್ಕೆ, ಗಂಜಳ ಕೆಳಗಿನ ಹೊಸ ಗೂಡುಗಳ ಮೇಲೆ ಬಿದ್ದು ಕಲೆಯಾಗಿತ್ತು. ಅತ್ತೆ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಂದೆ ಹಿಡಿದರು.

"ಅಸಿ ಕಣ್ಲಾ ಮಗ ಇವು. ಇನ್ನೂ ಎರಡೊತ್ತು ಸೊಪ್ಪು ಬೇಡ್ತಾವೆ. ನಿಂಗೆ ಅಷ್ಟು ಅವಸ್ರ ಇದ್ರೆ ಬಾಯ್ಬುಟ್ಟು ಯೋಳ್ಬಾರ್ದಾ?"

"ಮೊದಲ ದಿನವೇ ಹೇಳಿದ್ದೆನಲ್ಲ ಅತ್ತೆ."

"ನಂಗೆ ಯೋಳ್ದೆ. ಉಳಕ್ಕೆ ಯೋಳ್ದಾ?"

ಅವರು ಹೋಗಿ ಮುಂಬಾಗಿಲ ಅಗಳಿ ತೆಗೆದರು. ಹತ್ತು ದಿನದ ನಂತರ ಬೀದಿಯ ಬೆಳಕು ಪಡಸಾಲೆಗೆ ಬಿತ್ತು. "ಬಾಗ್ಲು ತೆಗ್ದೈತೆ. ಚೀಲ ಕೊಟ್ಟಿಗೇಲೈತೆ. ಸಂಜೆ ಬಸ್ಸಿಗೆ ಓಗು. ನಿನ್ನ ಯಾರೂ ಕಟ್ಟಾಕಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ.

ಭಾವ ಆಗಲೇ ಕಟ್ಟಳೆ ಮುರಿದು ಚನ್ನಪಟ್ಟಣಕ್ಕೆ ಹೊರಟಿದ್ದ. ಕಲೆಯಾದ ಚಂದ್ರಿಕೆಗಳ ಬದಲಿಗೆ ಬೇರೆಯವನ್ನು ಬಾಡಿಗೆಗೆ ತರಬೇಕಿತ್ತು. ಮೇಲಿನ ತಟ್ಟೆಗಳಲ್ಲಿ ಹುಳುಗಳು ನಿಜವಾಗಿ ಹಣ್ಣಾಗತೊಡಗಿದ್ದವು. ಒಮ್ಮೆ ಶುರುವಾದರೆ ಅವು ಯಾರಿಗೂ ಕಾಯುವುದಿಲ್ಲ, ಆಯದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಬಿಡುತ್ತವೆ. ಅದರ ಜೊತೆಗೆ ನಾನು ಮಾಡಿಟ್ಟ ಕೆಲಸವನ್ನು ಬಿಚ್ಚಬೇಕು: ಅಲೆಯುವ ಹುಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕಿ, ಮತ್ತೆ ಸೊಪ್ಪು ಕೊಡಬೇಕು. ಮನೆಯಲ್ಲಿ ಇಬ್ಬರು ಹೆಂಗಸರು. ಅಕ್ಕ ನನ್ನ ಕಡೆ ನೋಡಲಿಲ್ಲ, ತಲೆ ಬಗ್ಗಿಸಿ ಆಯುತ್ತಿದ್ದಳು.

ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ನಾನೇ ಅದನ್ನು ಮುಚ್ಚಿದೆ.

ಸಂಜೆಯ ಬಸ್ಸಿನ ಹಾರ್ನ್ ಕೇಳಿದಾಗ ನನ್ನ ಕೈಯಲ್ಲಿ ಹಸಿ ಹುಳು ಇತ್ತು. ಹನ್ನೊಂದನೇ ದಿನವೂ ಆಯ್ದೆವು. ಅತ್ತೆ ಪ್ರತಿಯೊಂದನ್ನೂ ನನ್ನಿಂದ ಬೆಳಕಿಗೆ ಹಿಡಿಸಿದರು, ನೋಡಿ ತಲೆಯಾಡಿಸಿದ ಮೇಲೆಯೇ ಬಿಡಬೇಕು. ಹನ್ನೆರಡನೇ ದಿನ ಬೆಳಿಗ್ಗೆ, ಮಂಗಳೂರಿನಲ್ಲಿ ಇಳಿತ ಶುರುವಾಗುವ ಹೊತ್ತಿಗೆ, ನಾನು ಅಂಗಳದಲ್ಲಿ ಚಂದ್ರಿಕೆಗಳನ್ನು ಎಳೆಬಿಸಿಲಿಗೆ ತಿರುಗಿಸಿ ನಿಲ್ಲಿಸುತ್ತಿದ್ದೆ. ಕೊನೆಯ ಹುಳುವೂ ಏರಿ ಆಗಿತ್ತು. ಕಟ್ಟಳೆ ಮುಗಿದಿತ್ತು. ಈಗ ಊರೆಲ್ಲ ತಿರುಗಬಹುದಿತ್ತು, ಆದರೆ ಹೋಗಲು ನನಗೆ ಜಾಗವೇ ಇರಲಿಲ್ಲ. ಇನ್ನೂ ಎರಡು ದಿನ ಅಲ್ಲೇ ಕೂತಿದ್ದೆ. ಭಾವ ಚನ್ನಪಟ್ಟಣಕ್ಕೆ ಹೋಗೋಣ ಬಾ ಎಂದು ಕರೆದ, ಅದಕ್ಕೂ ಏಳಲಿಲ್ಲ.

ಬೆಂಗಳೂರಿಗೆ ಹೋಗಿ ಕಂತುಗಳನ್ನು ಒಪ್ಪಿಸಿದೆ. ಹಡಗು ಹೊರಟುಹೋಯಿತು ಎಂದೆ. "ಹಾಗಾದರೆ ಇಲ್ಲೇ ಇರು," ಎಂದರು ಸಂಪಾದಕರು. ಅವರು ಗಾಳಿಯಿಲ್ಲದ ಆರು ದಿನಗಳ ಹನ್ನೊಂದು ಹಾಳೆಗಳನ್ನು ಹೊಡೆದುಹಾಕಿ, "ಗಾಳಿ ಬಿದ್ದುಹೋದ ಕಾರಣ ಹಡಗು ಕೆಲವು ದಿನ ತಡವಾಯಿತು" ಎಂದು ಬರೆದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಏನೂ ನಡೆಯದ ಆರು ದಿನ ಸುದ್ದಿಯಲ್ಲ. ಆ ತಿಂಗಳ ಕೊನೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ವರದಿ ನನಗೆ ಕೊಟ್ಟರು. ಮುಂದಿನ ಇಪ್ಪತ್ತೇಳು ವರ್ಷ ನಾನು ಆ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿದೆ.

ಮೊದಲ ಕಂತು ಅಚ್ಚಾದ ಎರಡು ವಾರಕ್ಕೆ ಕಚೇರಿಗೆ ಒಂದು ಕಾರ್ಡು ಬಂತು. ತಾಂಡೇಲನಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆ ಯಾರಿಂದಲೋ ಹೀಗೆ ಬರೆಸಿದ್ದ: ಲಕ್ಷದ್ವೀಪಕ್ಕೆ ಹೋಗಿ ಕ್ಷೇಮವಾಗಿ ಬಂದೆವು. ಹೇಳಿದ ದಿನ ಬೆಳಿಗ್ಗೆ ಲಂಗರು ಎತ್ತಿದೆವು, ಆದರೆ ಅಳಿವೆ ಬಾಗಿಲಲ್ಲಿ ಗಾಳಿ ನಿಂತಿತು. ನಾಲ್ಕು ದಿನ ಅಲ್ಲೇ, ಬಂದರು ಕಾಣುವಷ್ಟು ಹತ್ತಿರ ನಿಂತಿದ್ದೆವು. ನೀವು ದೋಣಿಯಲ್ಲಿ ಬರಬಹುದೆಂದು ಹುಡುಗರು ದಡ ನೋಡುತ್ತಿದ್ದರು. ನಿಮಗೆ ಮನೆಯಲ್ಲಿ ಏನೋ ತೊಂದರೆ ಆಗಿರಬೇಕು.

ಕಾರ್ಡನ್ನು ಎರಡು ಸಲ ಓದಿದೆ. ಹನ್ನೆರಡನೇ ದಿನ ಬೆಳಿಗ್ಗೆ ಹೊರಟಿದ್ದರೂ ಹಡಗು ಸಿಗುತ್ತಿತ್ತು. ಹದಿಮೂರನೇ ದಿನ ಹೊರಟಿದ್ದರೂ ಸಿಗುತ್ತಿತ್ತು. ಚನ್ನಪಟ್ಟಣದ ಅಂಚೆ ಕಚೇರಿಯಿಂದ ಹಡಗಿನ ಮಾಲೀಕರ ಅಂಗಡಿಗೆ ಒಂದು ತಂತಿ ಕೊಟ್ಟಿದ್ದರೆ ತಿಳಿಯುತ್ತಿತ್ತು. ಗಾಳಿಗಾಗಿ ಆರು ದಿನ ಕಾದವನು, ಅದರ ಬಗ್ಗೆ ಹನ್ನೊಂದು ಹಾಳೆ ಬರೆದವನು, ಹಡಗು ಹೊರಟಿತೇ ಎಂದು ವಿಚಾರಿಸಲೇ ಇಲ್ಲ. ಕೇಳದೆ, ನೋಡದೆ, ಹೊರಟಿತು ಎಂದು ಸಂಪಾದಕರಿಗೆ ವರದಿ ಮಾಡಿದ್ದೆ. ನನ್ನ ವೃತ್ತಿಯಲ್ಲಿ ನಾನು ಕೊಟ್ಟ ತಪ್ಪು ಸುದ್ದಿಗಳಲ್ಲಿ ಅದು ಮೊದಲನೆಯದು.

ಮುಂದಿನ ಬೆಳೆಯ ಹೊತ್ತಿಗೆ ಅಕ್ಕೂರಿಗೆ ಹೋಗಿದ್ದಾಗ ಕಾರ್ಡನ್ನು ಅಕ್ಕನಿಗೆ ಓದಿ ಹೇಳಿದೆ. ಬಾಗಿಲಿಗೆ ಇನ್ನೂ ಬೇವು ಕಟ್ಟಿರಲಿಲ್ಲ. ಅತ್ತೆ ಜಗಲಿಯ ಮೇಲೆ ಮುರಿದ ತಟ್ಟೆಗೆ ದಬ್ಬೆ ಹೆಣೆಯುತ್ತ ಕೇಳಿಸಿಕೊಂಡರು.

"ಅಂಗಾರೆ ನೀನು ಇಲ್ಲಿ ಕುಂತಿದ್ದಾಗ ಅದು ಅಲ್ಲೇ ನಿಂತಿತ್ತಾ?"

"ನಿಂತಿತ್ತು ಅತ್ತೆ."

ಅವರು ಹೊಸ ದಬ್ಬೆಯೊಂದನ್ನು ಕೈಗೆತ್ತಿಕೊಂಡರು. "ಬಾಗ್ಲು ತೆಗ್ದಿದ್ನಲ್ಲೋ ನಾನು," ಎಂದರು. ಆಮೇಲೆ ದಬ್ಬೆಯ ಇನ್ನೊಂದು ತುದಿಯನ್ನು ಹಿಡಿದುಕೊಳ್ಳಲು ನನ್ನ ಕಡೆ ಚಾಚಿದರು.